ತಗಡಿನ ಶೆಡ್ಡಿಗೆ ನೆಟ್‌ವರ್ಕ್: ಕೇಬಲ್ ಕೆಲಸ ಅರ್ಧ, ಶೀಟಿನ ಕೆಲಸ ಅರ್ಧ

ಮನೆಯ ವೈಫೈ ಅಂಗಳದಲ್ಲಿ ಸಿಗುತ್ತದೆ, ವರ್ಕ್‌ಶಾಪ್ ಮಾಡಿಕೊಂಡ ತಗಡಿನ ಶೆಡ್ಡಿನ ಬಾಗಿಲ ಹೊರಗೂ ಸಿಗುತ್ತದೆ. ಒಳಗೆ ಹೋಗಿ ಶಟರ್ ಎಳೆದರೆ ಮಾಯ. ಇದಕ್ಕೆ ರೂಟರನ್ನು ಬೈದು ಪ್ರಯೋಜನವಿಲ್ಲ, ದೊಡ್ಡ ಆಂಟೆನಾದ ರೂಟರ್ ತಂದರೂ ಅಷ್ಟೇ. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಶೀಟಿಗೆ ಬಡಿದ ವೈಫೈ ಅಲೆ ಬಹುಪಾಲು ಹಿಂದಕ್ಕೇ ಹೋಗುತ್ತದೆ. ಲೋಹದೊಳಗೆ ಇಳಿದ ಚೂರುಪಾರು ಕೆಲವೇ ಮೈಕ್ರಾನ್ ದಾಟುವಷ್ಟರಲ್ಲಿ ಸತ್ತುಹೋಗುತ್ತದೆ. ಒಳಗೆ ಅಷ್ಟಿಷ್ಟು ಸಿಗ್ನಲ್ ಬರುತ್ತಿದ್ದರೆ ಅದು ಕಿಟಕಿ, ಬೆಳಕಿಗೆಂದು ಹಾಕಿದ ಫೈಬರ್ ಶೀಟು ಅಥವಾ ಶಟರಿನ ಸಂದಿಯಿಂದ ನುಸುಳಿದ್ದು.

ಇದೇ ಶೀಟು ಮಧ್ಯಾಹ್ನ ಕಾದು ಸುಡುತ್ತದೆ, ಬೆಳಗಿನ ಜಾವ ತಣ್ಣಗಾಗಿ ಒಳಮೈ ಬೆವರುತ್ತದೆ, ಕಾಳಜಿಯಿಲ್ಲದೆ ತೂತು ಕೊರೆದ ಕಡೆ ತುಕ್ಕು ಹಿಡಿಯುತ್ತದೆ. ಸೋರುವ, ಬೆವರುವ ಶೆಡ್ಡಿನಲ್ಲಿ ಎಷ್ಟೇ ಒಳ್ಳೆಯ ನೆಟ್‌ವರ್ಕ್ ಸ್ವಿಚ್ (ಒಂದು ಕೇಬಲ್ಲಿನ ಸಂಪರ್ಕವನ್ನು ಹಲವು ಸಾಧನಗಳಿಗೆ ಹಂಚುವ ಡಬ್ಬಿ) ಇಟ್ಟರೂ ಬಾಳುವುದಿಲ್ಲ. ಹಾಗಾಗಿ ಸಾಮಾನು ಕೊಳ್ಳುವ ಮುನ್ನ ಒಮ್ಮೆ ಮಳೆ ಬರುವಾಗ, ಇನ್ನೊಮ್ಮೆ ಮಂಜು ಬಿದ್ದ ಬೆಳಿಗ್ಗೆ ಶೆಡ್ಡಿನೊಳಗೆ ನಿಂತು ನೋಡಿ. ಎಲ್ಲಿ ನೀರಿಳಿಯುತ್ತದೆ, ಯಾವ ಗೋಡೆ ಒಣಗಿರುತ್ತದೆ, ಎಲ್ಲಿ ಹನಿ ಕಟ್ಟುತ್ತದೆ ಎಂಬುದು ಗೊತ್ತಾದರೆ ಸಾಮಾನು ಎಲ್ಲಿಡಬೇಕೆಂಬುದೂ ತೀರ್ಮಾನವಾದಂತೆ.

ಯಾವ ದಾರಿಯಲ್ಲಿ ಒಯ್ಯುವುದು

ವೈಫೈ ಎಕ್ಸ್‌ಟೆಂಡರ್ ಅಥವಾ ಮೆಶ್ ನೋಡ್ ತಂದು ಶೆಡ್ಡಿನೊಳಗೆ ಇಡುವುದನ್ನು ಮೊದಲೇ ಬಿಟ್ಟುಬಿಡಿ. ಆ ನೋಡ್ ಕೂಡ ಮನೆಯ ಸಿಗ್ನಲ್ಲನ್ನು ಅದೇ ಶೀಟಿನ ಮೂಲಕ ಹಿಡಿಯಬೇಕು. ಫೋನಿನಲ್ಲಿ ನಾಲ್ಕೂ ಗೀಟು ತುಂಬಿ ಕಾಣುತ್ತವೆ, ಆದರೆ ಆ ಗೀಟು ನೋಡ್ ಮತ್ತು ಫೋನಿನ ನಡುವಿನದು; ನೋಡ್ ಮತ್ತು ಮನೆಯ ನಡುವೆ ಏನೂ ಹರಿಯುತ್ತಿರುವುದಿಲ್ಲ.

ಕರೆಂಟ್ ತಂತಿಯ ಮೇಲೆಯೇ ಡೇಟಾ ಕಳಿಸುವ ಪವರ್‌ಲೈನ್ ಅಡಾಪ್ಟರ್ ಕೆಲವು ಮನೆಗಳಲ್ಲಿ ಪರವಾಗಿಲ್ಲ. ಶೆಡ್ಡಿಗೆ ಬೇರೆ ಡಿಸ್ಟ್ರಿಬ್ಯೂಷನ್ ಬೋರ್ಡ್, ನಡುವೆ ಬ್ರೇಕರುಗಳು, ಜೊತೆಗೆ ವೆಲ್ಡಿಂಗ್ ಮಷಿನ್ ಮತ್ತು ಮೋಟರ್ ಡ್ರೈವ್ ಎಬ್ಬಿಸುವ ಗದ್ದಲ. ಇಷ್ಟೆಲ್ಲ ಸೇರಿದಾಗ ಅದು ಗ್ರೈಂಡರ್ ಆಫ್ ಇದ್ದಾಗ ಮಾತ್ರ ನಡೆಯುವ ನೆಟ್‌ವರ್ಕ್ ಆಗುತ್ತದೆ. ಬೇರೆ ದಾರಿಯೇ ಇಲ್ಲದವರಿಗೆ ಮಾತ್ರ.

ಇನ್ನು ಉಳಿದದ್ದು ಮೂರು: ತಾಮ್ರದ ಈಥರ್ನೆಟ್ ಕೇಬಲ್, ಬೆಳಕಿನ ರೂಪದಲ್ಲಿ ಡೇಟಾ ಒಯ್ಯುವ ಫೈಬರ್ ಕೇಬಲ್, ಎದುರುಬದುರು ನಿಲ್ಲಿಸುವ ಎರಡು ರೇಡಿಯೋಗಳ ವೈರ್‌ಲೆಸ್ ಬ್ರಿಡ್ಜ್. ತಾಮ್ರದ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ, ದೂರ ಅಡ್ಡಿಯಲ್ಲ. ಅಡ್ಡಿ ಇರುವುದು ಅರ್ಥಿಂಗಿನಲ್ಲಿ. ಮನೆ ಮತ್ತು ಶೆಡ್ಡಿನ ಅರ್ಥ್ ರಾಡ್‌ಗಳು ಬೇರೆಬೇರೆಯಾಗಿದ್ದರೆ ಎರಡರ ನಡುವೆ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ಶೀಲ್ಡ್ (ತಂತಿಗಳ ಸುತ್ತಲಿನ ಲೋಹದ ಹೊದಿಕೆ) ಇರುವ ಕೇಬಲ್ಲಿನ ಎರಡೂ ತುದಿ ಲೋಹಕ್ಕೆ ತಾಗಿದರೆ ಆ ವ್ಯತ್ಯಾಸ ಶೀಲ್ಡಿನ ಮೂಲಕವೇ ಹರಿಯತೊಡಗುತ್ತದೆ. ಹತ್ತಿರದಲ್ಲಿ ಸಿಡಿಲು ಬಡಿದಾಗ ಅದೇ ವ್ಯತ್ಯಾಸ ಸಾವಿರಾರು ವೋಲ್ಟ್‌ಗೆ ಏರಿ ಎರಡೂ ಕಡೆಯ ಪೋರ್ಟ್ ಸುಟ್ಟುಬಿಡುತ್ತದೆ. ಫೈಬರ್ ಗಾಜು, ಅದರಲ್ಲಿ ಕರೆಂಟ್ ಹರಿಯುವ ಪ್ರಶ್ನೆಯೇ ಇಲ್ಲ, ವೆಲ್ಡಿಂಗಿನ ಗದ್ದಲವೂ ಅದಕ್ಕೆ ಕೇಳಿಸುವುದಿಲ್ಲ. ನೆಲ ಅಗೆಯುವ ಅವಕಾಶ ಇದ್ದವರು ಬೇರೆ ಯೋಚನೆ ಮಾಡದೆ ಪೈಪಿನೊಳಗೆ ಫೈಬರ್ ಹಾಕಿ. ಅಗೆಯಲು ಆಗದವರಿಗೆ ಬ್ರಿಡ್ಜ್.

ನೆಲದಡಿಯ ಪೈಪು

ಅಗೆಯುವ ಮುನ್ನ ನೀರಿನ ಪೈಪು, ಕರೆಂಟ್ ಕೇಬಲ್, ಗ್ಯಾಸ್ ಲೈನ್, ಒಳಚರಂಡಿ ಎಲ್ಲಿ ಹಾದುಹೋಗಿದೆ ಎಂದು ಪತ್ತೆಮಾಡಿ ಸುಣ್ಣದ ಗೆರೆ ಎಳೆಯಿರಿ. ಅಂಗಳದಲ್ಲಿ 450 ಮಿ.ಮೀ., ವಾಹನ ಓಡಾಡುವಲ್ಲಿ 600 ಮಿ.ಮೀ. ಆಳ ಬೇಕು. ನಿಮ್ಮ ಕಡೆಯ ನಿಯಮ ಇನ್ನೂ ಆಳ ಕೇಳಿದರೆ ಅದೇ ಅಂತಿಮ.

ಪೈಪು 40 ಮಿ.ಮೀ. ವ್ಯಾಸದ್ದಿರಲಿ. ಎರಡು ಎಳೆಯ ಫೈಬರಿಗೆ ಇಷ್ಟು ದೊಡ್ಡದೇಕೆ ಅನ್ನಿಸಬಹುದು. ಕನೆಕ್ಟರ್ ಕೂಡಿಸಿಯೇ ಬರುವ ರೆಡಿಮೇಡ್ ಕೇಬಲ್ಲಿನ ಮೂತಿ ಕೇಬಲ್ಲಿಗಿಂತ ಬಹಳ ದಪ್ಪ, ಸಣ್ಣ ಪೈಪಿನ ಮೊದಲ ತಿರುವಿನಲ್ಲೇ ಸಿಕ್ಕಿಕೊಳ್ಳುತ್ತದೆ. ಚಚ್ಚೌಕ ಎಲ್ಬೋ ಹಾಕಬೇಡಿ, ಉದ್ದ ಬಾಗುವ ಬೆಂಡ್ ಹಾಕಿ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ 90 ಡಿಗ್ರಿಯ ಬೆಂಡ್ ಮೂರಕ್ಕಿಂತ ಹೆಚ್ಚಾದರೆ ನಡುವೆ ಒಂದು ಚೇಂಬರ್ (ಕೇಬಲ್ ಹೊರತೆಗೆದು ಮತ್ತೆ ಎಳೆಯಲು ಮುಚ್ಚಳವಿರುವ ಗುಂಡಿ) ಕಟ್ಟುವುದು ಒಳ್ಳೆಯದು. ಪ್ರತಿ ಬೆಂಡಿನಲ್ಲೂ ಎಳೆತದ ಬಿಗಿ ಮೊದಲಿನದರ ಮೇಲೆ ಗುಣಿಸಿಕೊಂಡು ಏರುತ್ತದೆ.

ಕಾಲುವೆಯ ತಳಕ್ಕೆ ಕಲ್ಲಿಲ್ಲದ ಮರಳು 50 ಮಿ.ಮೀ. ಹರವಿ, ಪೈಪು ಕೂರಿಸಿ, ಮೇಲೆ ಮತ್ತೆ ಅಷ್ಟೇ ಮರಳು. ಪೈಪು ಒಂದೇ ಕಡೆಗೆ ಇಳಿಜಾರಾಗಿರಲಿ, ನಡುವೆ ಹೊಟ್ಟೆ ಬಿಟ್ಟರೆ ಅಲ್ಲಿ ನೀರು ನಿಲ್ಲುತ್ತದೆ. ಹಾಗೆಂದು ಪೈಪಿನೊಳಗೆ ನೀರೇ ಬರುವುದಿಲ್ಲ ಎಂದು ನಂಬಿ ಒಳಾಂಗಣದ ಕೇಬಲ್ ಎಳೆಯಬೇಡಿ. ನೆಲದಡಿಯ ಪೈಪಿಗೆ ನೀರು ಬಂದೇ ಬರುತ್ತದೆ, ಮಳೆಯಿಂದಲ್ಲದಿದ್ದರೆ ಒಳಗಿನ ಗಾಳಿಯ ತೇವದಿಂದ. ಕೇಬಲ್ ಹೊರಾಂಗಣದ್ದೇ ಆಗಬೇಕು. ಅರ್ಧ ಮಣ್ಣು ಮುಚ್ಚಿದ ಮೇಲೆ, ಮೇಲ್ಮೈಯಿಂದ 200 ಮಿ.ಮೀ. ಕೆಳಗೆ ಎಚ್ಚರಿಕೆಯ ಬಣ್ಣದ ಟೇಪು ಹಾಸಿ. ಮುಂದೊಂದು ದಿನ ಗಿಡ ನೆಡಲು ಗುದ್ದಲಿ ಹಾಕುವವರಿಗೆ ಮೊದಲು ಟೇಪು ಕಾಣುತ್ತದೆ.

ಕರೆಂಟ್ ಲೈನನ್ನೂ ಇದೇ ಕಾಲುವೆಯಲ್ಲಿ ಒಯ್ಯುವುದಿದ್ದರೆ ಅದಕ್ಕೆ ಬೇರೆಯೇ ಪೈಪು, ನಡುವೆ 300 ಮಿ.ಮೀ. ಅಂತರ. ಆ ಲೈನ್, ಶೆಡ್ಡಿನ ಬೋರ್ಡು, ಶೆಡ್ಡಿನ ಚೌಕಟ್ಟನ್ನು ಅರ್ಥ್‌ಗೆ ಜೋಡಿಸುವುದು ಇವೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ತಗಡಿನ ಕಟ್ಟಡದಲ್ಲಿ ಒಂದು ವೈರಿನ ಸಿಪ್ಪೆ ಸುಲಿದರೆ ಗೋಡೆಗೆ ಗೋಡೆಯೇ ಲೈವ್ ಆಗುತ್ತದೆ. ಮುನ್ನೂರು ರೂಪಾಯಿ ಉಳಿಸುವ ಬುದ್ಧಿವಂತಿಕೆ ಇಲ್ಲಿ ಬೇಡ: ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು, ಅದರ ಟೆಸ್ಟ್ ಬಟನ್ ಮೂರು ತಿಂಗಳಿಗೊಮ್ಮೆಯಾದರೂ ಒತ್ತಿ ನೋಡಲೇಬೇಕು.

ಫೈಬರ್ ಎಳೆಯುವುದು

ಕೊಳ್ಳಬೇಕಾದದ್ದು: ಸಿಂಗಲ್ ಮೋಡ್ ಓಎಸ್2 ಫೈಬರ್, ಹೊರಾಂಗಣದ್ದು, ಲೋಹದ ಕವಚವಾಗಲಿ ಲೋಹದ ತಂತಿಯಾಗಲಿ ಇಲ್ಲದ್ದು, ಎರಡೂ ತುದಿಗೆ ಎಲ್‌ಸಿ ಯುಪಿಸಿ ಕನೆಕ್ಟರ್ ಕೂಡಿಸಿದ್ದು, ಕನಿಷ್ಠ ನಾಲ್ಕು ಎಳೆಯದು. ಎರಡು ಎಳೆ ಕೆಲಸಕ್ಕೆ, ಎರಡು ಮೀಸಲು. ಲೋಹದ ಕವಚದ ಕೇಬಲ್ ಇಲಿಗೆ ಬಗ್ಗುವುದಿಲ್ಲ ನಿಜ, ಆದರೆ ಆ ಕವಚವೇ ಮತ್ತೆ ಎರಡು ಕಟ್ಟಡಗಳ ಅರ್ಥನ್ನು ಕೂಡಿಸುತ್ತದೆ. ಫೈಬರ್ ಹಾಕಿದ್ದರ ಅರ್ಧ ಲಾಭ ಅಲ್ಲೇ ಹೋಯಿತು. ಇಲಿಯ ಕಾಟಕ್ಕೆ ಪೈಪಿನ ಬಾಯಿ ಮುಚ್ಚುವುದೇ ಸರಿಯಾದ ಮದ್ದು.

ಉದ್ದ ಅಳೆಯುವಾಗ ಗೋಡೆ ಹತ್ತುವುದು, ಒಳಗಿನ ಓಡಾಟ ಎಲ್ಲ ಸೇರಿಸಿ, ಎರಡೂ ಕಡೆ ಮೂರು ಮೂರು ಮೀಟರ್ ಹೆಚ್ಚಿಗೆ ಇಟ್ಟುಕೊಳ್ಳಿ. ಉಳಿದದ್ದನ್ನು ಸುತ್ತಿಡಬಹುದು, ಕಡಿಮೆಯಾದರೆ ಬೆಸೆಯಲು ಬೇರೆ ಯಂತ್ರವೇ ಬೇಕು.

1. ಪೈಪಿನ ಒಂದು ತುದಿಯಲ್ಲಿ ತೆಳುವಾದ ನೈಲಾನ್ ದಾರಕ್ಕೆ ಪ್ಲಾಸ್ಟಿಕ್ ಚೀಲದ ಚೂರು ಕಟ್ಟಿ ಒಳಗೆ ಬಿಡಿ, ಇನ್ನೊಂದು ತುದಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿಯಿರಿ. ಕ್ಷಣದಲ್ಲಿ ದಾರ ಆಚೆ ಬರುತ್ತದೆ.
2. ಆ ದಾರದಿಂದ ಗಟ್ಟಿ ಹಗ್ಗ ಎಳೆದುಕೊಂಡು, ಹಗ್ಗಕ್ಕೆ ಒದ್ದೆ ಬಟ್ಟೆಯ ಉಂಡೆ ಕಟ್ಟಿ ಒಮ್ಮೆ ಎಳೆಯಿರಿ. ಮಣ್ಣು, ನೀರು ಹೊರಬರುತ್ತದೆ. ಎಲ್ಲಾದರೂ ತಡೆದರೆ ಈಗಲೇ ಗೊತ್ತಾಗುತ್ತದೆ.
3. ಹಗ್ಗವನ್ನು ಫೈಬರ್ ಕೇಬಲ್ಲಿನ ಎಳೆಯುವ ಕಣ್ಣಿಗೆ, ಅದಿಲ್ಲದಿದ್ದರೆ ಒಳಗಿನ ಹಳದಿ ಅರಾಮಿಡ್ ನೂಲಿಗೆ ಕಟ್ಟಿ. ಕನೆಕ್ಟರಿಗೆ ಭಾರ ಬೀಳಕೂಡದು.
4. ಒಬ್ಬರು ಎಳೆಯಲಿ, ಇನ್ನೊಬ್ಬರು ಸುರುಳಿ ಬಿಚ್ಚುತ್ತ ಒಳಗೆ ನೂಕಲಿ. ಬಿಗಿಯಾದರೆ ಕೇಬಲಿಗೆಂದೇ ಸಿಗುವ ನೀರಿನ ಆಧಾರದ ಜೆಲ್ ಹಚ್ಚಿ. ಎಣ್ಣೆ, ಗ್ರೀಸ್ ಬೇಡ, ಅವು ಹೊರಕವಚವನ್ನು ಕೆಡಿಸುತ್ತವೆ.
5. ಕೇಬಲ್ಲಿನ ಜೊತೆಗೇ ಇನ್ನೊಂದು ಖಾಲಿ ಹಗ್ಗ ಎಳೆದು ಒಳಗೆ ಬಿಡಿ. ಮುಂದೆ ಬೇಕಾಗದೆ ಇರುವುದಿಲ್ಲ.

ಎಳೆಯುವಾಗ ಕೇಬಲ್ ದಪ್ಪದ 20 ಪಟ್ಟು, ಕೂರಿಸಿದ ಮೇಲೆ 10 ಪಟ್ಟು: ಇದಕ್ಕಿಂತ ಸಣ್ಣ ತ್ರಿಜ್ಯದಲ್ಲಿ ಬಗ್ಗಿಸಬೇಡಿ. 6 ಮಿ.ಮೀ. ಕೇಬಲ್ ಎಂದರೆ ಎಳೆಯುವಾಗ 120 ಮಿ.ಮೀ. ತ್ರಿಜ್ಯ. ಕೇಬಲ್ ಟೈ ಹಾಕಿ ಇಕ್ಕಳದಿಂದ ಬಿಗಿದರೂ ಒಳಗಿನ ಗಾಜು ಹಿಂಡಿದಂತಾಗಿ ಬೆಳಕು ಸೋರುತ್ತದೆ. ವೆಲ್ಕ್ರೋ ಪಟ್ಟಿ ಸಾಕು.

ಎರಡೂ ತುದಿಗೆ ಬೇಕಾದದ್ದು ಎಸ್‌ಎಫ್‌ಪಿ ಕಿಂಡಿ (ಫೈಬರ್ ಜೋಡಿಸುವ ಮಾಡ್ಯೂಲ್ ಕೂರುವ ಜಾಗ) ಇರುವ ಸ್ವಿಚ್, ಇಲ್ಲವೇ ಫೈಬರನ್ನು ತಾಮ್ರದ ಕೇಬಲ್ಲಿಗೆ ಹೊಂದಿಸುವ ಸಾದಾ ಗಿಗಾಬಿಟ್ ಮೀಡಿಯಾ ಕನ್ವರ್ಟರ್. ಮಾಡ್ಯೂಲ್ 1310 ನ್ಯಾನೊಮೀಟರ್‌ನ ಎಲ್‌ಎಕ್ಸ್, 10 ಕಿ.ಮೀ. ಎಂದು ಬರೆದಿರುವುದು. 40 ಮೀಟರಿಗೆ 10 ಕಿ.ಮೀ. ಮಾಡ್ಯೂಲ್ ಹಾಕಿದರೆ ಏನೂ ತೊಂದರೆಯಿಲ್ಲ. ಆದರೆ ಸಿಕ್ಕಿತೆಂದು 80 ಕಿ.ಮೀ. ಮಾಡ್ಯೂಲ್ ಹಾಕಬೇಡಿ, ಅದರ ಬೆಳಕು ಇಷ್ಟು ಹತ್ತಿರದ ರಿಸೀವರಿಗೆ ಅತಿಯಾಗಿ ರಿಸೀವರೇ ಕೆಟ್ಟುಹೋಗಬಹುದು. ಒಂದೇ ಎಳೆಯಲ್ಲಿ ಎರಡೂ ದಿಕ್ಕಿಗೆ ಕಳಿಸುವ ಬೈಡೈ ಮಾಡ್ಯೂಲ್ ಆದರೆ ಜೋಡಿಯಾಗಿಯೇ ಕೊಳ್ಳಬೇಕು: ಒಂದು ಕಡೆ 1310ರಲ್ಲಿ ಕಳಿಸುವುದು, ಇನ್ನೊಂದು ಕಡೆ 1310ರಲ್ಲಿ ಕೇಳುವುದು. ಎರಡೂ ಒಂದೇ ನಮೂನೆ ತಂದರೆ ಲಿಂಕ್ ಬರುವುದೇ ಇಲ್ಲ.

ನೀಲಿ ಕನೆಕ್ಟರ್ ಯುಪಿಸಿ, ಹಸಿರು ಎಪಿಸಿ. ಹಸಿರಿನ ಮೂತಿ 8 ಡಿಗ್ರಿ ಓರೆಯಾಗಿ ಉಜ್ಜಿರುತ್ತದೆ. ನೀಲಿಗೆ ಹಸಿರು ಚುಚ್ಚಿದರೆ ನಡುವೆ ಗಾಳಿಯ ಸಂದಿ ಉಳಿಯುತ್ತದೆ, ಮೂತಿಗೂ ಪೆಟ್ಟು. ಚುಚ್ಚುವ ಮುನ್ನ ಪ್ರತಿ ಸಲವೂ ಒರೆಸಿ. ವರ್ಕ್‌ಶಾಪಿನಲ್ಲಂತೂ ಕ್ಯಾಪ್ ತೆಗೆದ ಮರುಕ್ಷಣ ದೂಳು ಕೂರುತ್ತದೆ. ಎಲ್‌ಸಿಗೆ 1.25 ಮಿ.ಮೀ. ತುದಿಯ ಕ್ಲೀನರ್ ಪೆನ್ ಸಿಗುತ್ತದೆ. ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ಬೆಳಕು ಬರುತ್ತಿದೆಯೇ ಎಂದು ನೋಡುವುದು ಮಾತ್ರ ಎಂದಿಗೂ ಬೇಡ. 1310 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಾಣದಿದ್ದರೂ ಕಣ್ಣಿಗೆ ಬೀಳುತ್ತದೆ.

ಶೀಟಿನಲ್ಲಿ ತೂತು

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ತೂತನ್ನು ಚಾವಣಿಯಲ್ಲಿ ಕೊರೆಯಬೇಡಿ, ಎಷ್ಟೇ ಹತ್ತಿರದ ದಾರಿಯಾದರೂ ಬೇಡ. ಗೋಡೆಯಲ್ಲಿ, ನೆಲದಿಂದ ಅರ್ಧ ಮೀಟರ್ ಮೇಲೆ, ಸೂರಿನ ಮರೆಯಿರುವ ಕಡೆ, ಶೀಟಿನ ಚಪ್ಪಟೆ ಭಾಗದಲ್ಲಿ ಕೊರೆಯಿರಿ. ಎರಡು ಶೀಟು ಒಂದರ ಮೇಲೊಂದು ಕೂತ ಜಾಗ, ಏಣಿನ ಮೇಲೆ ಎರಡೂ ಬೇಡ. ಅಲ್ಲಿ ಗ್ಯಾಸ್ಕೆಟ್ ಸಮನಾಗಿ ಕೂರುವುದಿಲ್ಲ.

ತೂತಿಗೆ ಸ್ಟೆಪ್ ಡ್ರಿಲ್ ಬಿಟ್ ಅಥವಾ ಹೋಲ್ ಸಾ ಬಳಸಿ. ಆಂಗಲ್ ಗ್ರೈಂಡರಿನಿಂದ ಕತ್ತರಿಸಿದರೆ ಅಂಚಿನ ಸತುವಿನ ಲೇಪ ಸುಟ್ಟುಹೋಗುತ್ತದೆ, ಹಾರಿದ ಬಿಸಿ ಕಿಡಿಗಳು ಸುತ್ತಲಿನ ಬಣ್ಣಕ್ಕೆ ಅಂಟಿಕೊಂಡು ಎರಡು ಮಳೆಯಲ್ಲಿ ಕೆಂಪು ಚುಕ್ಕೆಗಳಾಗುತ್ತವೆ. ಡ್ರಿಲ್ಲಿನ ಸಿಬಿರನ್ನೂ ಅದೇ ದಿನ ಬ್ರಷ್ಷಿನಿಂದ ಗುಡಿಸಿಬಿಡಿ. ಗುರುತು ಹಾಕಲು ಮಾರ್ಕರ್ ಬಳಸಿ, ಪೆನ್ಸಿಲ್ ಬೇಡ. ಅಲ್ಯೂಮಿನಿಯಂ ಮತ್ತು ಸತುವಿನ ಮಿಶ್ರಲೇಪದ ಶೀಟಿನ ಮೇಲೆ ಪೆನ್ಸಿಲಿನ ಗ್ರಾಫೈಟ್ ಗೆರೆ ಒದ್ದೆಯಾದಾಗ ಸಣ್ಣ ಬ್ಯಾಟರಿಯಂತೆ ಕೆಲಸಮಾಡಿ, ಗೆರೆಯಗುಂಟ ಲೇಪ ತಿನ್ನುತ್ತದೆ.

ತೂತಿನ ಅಂಚನ್ನು ಅರ ಹಾಕಿ ನುಣುಪು ಮಾಡಿ, ಬರಿ ಲೋಹ ಕಾಣುವಲ್ಲಿ ಸತು ಹೆಚ್ಚಿರುವ ಕೋಲ್ಡ್ ಗ್ಯಾಲ್ವನೈಸಿಂಗ್ ಬಣ್ಣ ಎರಡು ಕೈ ಬಳಿದು ಒಣಗಿಸಿ. ನೆಲದಿಂದ ಎದ್ದ ಪೈಪು ಹೊರಗೆ ಒಂದು ಐಪಿ65 (ದೂಳು, ನೀರು ತಡೆಯುವ ದರ್ಜೆಯ) ಜಂಕ್ಷನ್ ಬಾಕ್ಸಿಗೆ ಕೆಳಗಿನಿಂದ ಸೇರಲಿ, ಬಾಕ್ಸಿನ ಬೆನ್ನಿನಿಂದ ಶೀಟಿನ ತೂತಿನ ಮೂಲಕ ಒಳಕ್ಕೆ ಹೋಗಲಿ, ತೂತಿಗೆ ರಬ್ಬರ್ ಗ್ರಾಮೆಟ್ ಇರಲಿ. ಬಾಕ್ಸಿನ ಸುತ್ತ ಸೀಲಂಟ್ ಹಚ್ಚುವಾಗ ಮೇಲೆ ಮತ್ತು ಎರಡು ಬದಿಗೆ ಮಾತ್ರ; ಕೆಳಗಿನ ಅಂಚು ತೆರೆದಿರಲಿ. ಹೇಗೋ ಒಳಹೊಕ್ಕ ನೀರು ಹೊರಬರಲು ಅದೇ ದಾರಿ.

ಸೀಲಂಟ್ ನ್ಯೂಟ್ರಲ್ ಕ್ಯೂರ್ ಸಿಲಿಕೋನ್ ಅಥವಾ ಪಾಲಿಯುರೆಥೇನ್ ಆಗಿರಬೇಕು. ಹಚ್ಚುವಾಗ ವಿನಿಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಒಣಗುತ್ತ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ಸತುವನ್ನು ತಿನ್ನುತ್ತದೆ. ಹೊರಗಿನಿಂದ ಚೆನ್ನಾಗಿ ಕಾಣುವ ಸೀಲಂಟಿನಡಿ ಬಿಳಿ ಪುಡಿ, ಆಮೇಲೆ ತುಕ್ಕು. ಕೊನೆಗೆ ಪೈಪಿನ ಬಾಯಿಯನ್ನು ಎರಡೂ ಕಡೆ ಡಕ್ಟ್ ಸೀಲ್ ಮೇಣದಿಂದ ಮುಚ್ಚಿ. ಇಲಿಯ ಕಾಟವಿದ್ದರೆ ಒಳಗೆ ಸ್ಟೇನ್‌ಲೆಸ್ ಜಾಲರಿ ತುರುಕಿ. ಪಾತ್ರೆ ತಿಕ್ಕುವ ಸಾದಾ ಕಬ್ಬಿಣದ ನಾರು ಒಂದೇ ಮಳೆಗಾಲಕ್ಕೆ ಕರಗಿಹೋಗುತ್ತದೆ.

ಶೆಡ್ಡಿನೊಳಗಿನ ಪೆಟ್ಟಿಗೆ

ಸ್ವಿಚ್ಚನ್ನು ನೇರ ಶೀಟಿಗೆ ಸ್ಕ್ರೂ ಹೊಡೆದು ಕೂರಿಸಬೇಡಿ. ಶೀಟಿನ ಒಳಮೈ ಬೆವರಿದಾಗ ನೀರು ಹರಿಯುವುದು ಅದರ ಬೆನ್ನ ಹಿಂದೆಯೇ. ಗೋಡೆಯ ಅಡ್ಡಪಟ್ಟಿಗೆ ಒಂದು ಪ್ಲೈವುಡ್ ಹಲಗೆ ಕಟ್ಟಿ, ಹಲಗೆ ಮತ್ತು ಶೀಟಿನ ನಡುವೆ 25 ಮಿ.ಮೀ. ಗಾಳಿ ಆಡಲು ಬಿಡಿ, ಪೆಟ್ಟಿಗೆ ಹಲಗೆಯ ಮೇಲಿರಲಿ. ಬಿಸಿಲು ಬೀಳದ ಗೋಡೆ, ಎದೆಯ ಎತ್ತರ. ಮೇಲೆ ಮೇಲೆ ಹೋದಂತೆ ತಗಡಿನ ಶೆಡ್ಡಿನ ಗಾಳಿ ಸುಡುತ್ತದೆ. ಮನೆಬಳಕೆಯ ಬಹುತೇಕ ರೂಟರು, ಸ್ವಿಚ್ಚುಗಳಿಗೆ ತಯಾರಕರು ಹೇಳುವ ಮಿತಿ 40 ಡಿಗ್ರಿ ಸೆಲ್ಸಿಯಸ್. ನಿಮ್ಮ ಶೆಡ್ ಮಧ್ಯಾಹ್ನ ಅದನ್ನು ದಾಟುತ್ತದೆಯೇ ಎಂದು ಒಂದು ಥರ್ಮಾಮೀಟರ್ ಇಟ್ಟು ನೋಡಿ. ದಾಟುವುದಾದರೆ 75 ಡಿಗ್ರಿವರೆಗೆ ತಾಳುವ ಇಂಡಸ್ಟ್ರಿಯಲ್ ಸ್ವಿಚ್ ಕೊಳ್ಳುವುದೇ ಕೊನೆಗೆ ಅಗ್ಗ.

ಫ್ಯಾನ್ ಇರುವ ಸ್ವಿಚ್ ವರ್ಕ್‌ಶಾಪಿಗೆ ಸಲ್ಲದು. ಗ್ರೈಂಡಿಂಗ್ ದೂಳು ಎಂದರೆ ಲೋಹದ ಪುಡಿ. ಫ್ಯಾನ್ ಅದನ್ನು ಎಳೆದು ಸರ್ಕ್ಯೂಟ್ ಬೋರ್ಡಿನ ಮೇಲೆ ಹರಡುತ್ತದೆ, ಸ್ವಲ್ಪ ತೇವ ಸೇರಿದ ದಿನ ಶಾರ್ಟ್. ಫ್ಯಾನಿಲ್ಲದ ಸ್ವಿಚ್ಚನ್ನು ಅದಕ್ಕಿಂತ ನಾಲ್ಕೈದು ಪಟ್ಟು ದೊಡ್ಡದಾದ, ಮುಚ್ಚಳ ಬಿಗಿಯಾದ ಐಪಿ54 ಪೆಟ್ಟಿಗೆಯಲ್ಲಿಡಿ. ಪೆಟ್ಟಿಗೆಯ ಮೈಯೇ ಬಿಸಿ ಹೊರಹಾಕುತ್ತದೆ. ಕೇಬಲ್‌ಗಳೆಲ್ಲ ಕೆಳಗಿನಿಂದ ಗ್ಲ್ಯಾಂಡ್ ಮೂಲಕ ಒಳಹೋಗಲಿ.

ಕಂಪ್ರೆಸರ್ ಮೋಟರ್ ನೇರವಾಗಿ ಚಾಲೂ ಆಗುವ ಕ್ಷಣ ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಆಗ ವೋಲ್ಟೇಜ್ ಕುಸಿದು ಸ್ವಿಚ್ ರೀಸ್ಟಾರ್ಟ್ ಆಗುತ್ತದೆ. ನೆಟ್‌ವರ್ಕ್ ಪೆಟ್ಟಿಗೆಗೆ ಬೇರೆ ಸರ್ಕ್ಯೂಟ್ ಕೊಡಿ, ಜೊತೆಗೆ ಅಡಾಪ್ಟರಿನ ವೋಲ್ಟೇಜಿಗೇ ಹೊಂದುವ ಚಿಕ್ಕ ಡಿಸಿ ಯುಪಿಎಸ್ ಇಡಿ.

ವೆಲ್ಡಿಂಗ್ ಮಾಡುವವರಿಗೆ ಒಂದು ಮಾತು. ಅರ್ಥ್ ಕ್ಲ್ಯಾಂಪನ್ನು ಕೆಲಸದ ತುಂಡಿಗೇ, ಬೆಸುಗೆಯ ಹತ್ತಿರವೇ ಹಾಕಿ. ಶೆಡ್ಡಿನ ಕಂಬಕ್ಕೆ ಕ್ಲ್ಯಾಂಪ್ ಸಿಕ್ಕಿಸಿದರೆ ನೂರಾರು ಆಂಪಿಯರ್ ಹಿಂದಿರುಗುವ ದಾರಿ ಹುಡುಕುತ್ತದೆ, ಸಿಕ್ಕ ಅರ್ಥ್ ವೈರು, ಕೇಬಲ್ ಶೀಲ್ಡು ಎಲ್ಲವೂ ಅದಕ್ಕೆ ದಾರಿಯೇ. ಟಿಗ್ ಮಷಿನಿನ ಹೈ ಫ್ರೀಕ್ವೆನ್ಸಿ ಸ್ಟಾರ್ಟ್ ಕೂಡ ಹತ್ತಿರದ ತಾಮ್ರದ ಕೇಬಲ್ಲಿನಲ್ಲಿ ಗದ್ದಲ ಎಬ್ಬಿಸುತ್ತದೆ. ವೆಲ್ಡಿಂಗ್ ಲೀಡಿನಿಂದ ಡೇಟಾ ಕೇಬಲ್ ಒಂದು ಮೀಟರಾದರೂ ದೂರವಿರಲಿ, ದಾಟಲೇಬೇಕಾದರೆ ನೇರ 90 ಡಿಗ್ರಿಯಲ್ಲಿ ದಾಟಲಿ.

ಒಳಗಿನ ವೈಫೈಗೆ ಕೇಬಲ್ಲಿನ ಸಂಪರ್ಕವನ್ನು ವೈಫೈ ಆಗಿ ಹರಡುವ ಒಂದೇ ಆಕ್ಸೆಸ್ ಪಾಯಿಂಟ್ ಸಾಕು. ಪೆಟ್ಟಿಗೆ ಲೋಹದ್ದಾದರೆ ಅದರೊಳಗೆ ಇಡಬೇಡಿ, ಮತ್ತೆ ಅದೇ ಕಥೆ. ಪರ್ಲಿನ್‌ನಿಂದ (ಚಾವಣಿಯ ಶೀಟು ಹೊರುವ ಅಡ್ಡಪಟ್ಟಿ) 300 ಮಿ.ಮೀ. ಕೆಳಗೆ ಇಳಿಬಿಟ್ಟು, ಒಂದೇ ಕೇಬಲ್ಲಿನಲ್ಲಿ ಡೇಟಾ ಮತ್ತು ಕರೆಂಟ್ ಎರಡನ್ನೂ ಕೊಡುವ ಪಿಒಇ ಸ್ವಿಚ್‌ನಿಂದ ನಡೆಸಿ. 802.3ಎಎಫ್ ಪೋರ್ಟ್ 15.4 ವಾಟ್ ಕಳಿಸುತ್ತದೆ, ಕೇಬಲ್ಲಿನಲ್ಲಿ ಕಳೆದು ಸಾಧನಕ್ಕೆ 12.95 ವಾಟ್ ಖಾತ್ರಿ. ಕೇಬಲ್ ಪೂರ್ತಿ ತಾಮ್ರದ್ದಿರಲಿ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಕೇಬಲ್ ಅಂಗಡಿಗಳಲ್ಲಿ ತುಂಬಿದೆ. ತಂತಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಿಯ ಬಣ್ಣ ಕಾಣುತ್ತದೆ. ಅದರ ರೋಧ ಹೆಚ್ಚು, ಪಿಒಇಯಲ್ಲಿ ಬಿಸಿಯಾಗುತ್ತದೆ, ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ. ತಗಡಿನ ಗೋಡೆಯಿಂದ ಒಂದು ಲಾಭವೂ ಇದೆ: ಅಕ್ಕಪಕ್ಕದವರ ವೈಫೈ ಒಳಗೆ ಬರುವುದಿಲ್ಲ, ಹಾಗಾಗಿ 2.4 ಗಿಗಾಹರ್ಟ್ಸ್ ಕೂಡ ಇಲ್ಲಿ ಸ್ವಚ್ಛ. 20 ಮೆಗಾಹರ್ಟ್ಸ್ ಅಗಲ, ಕಡಿಮೆ ಪವರ್ ಇಟ್ಟರೂ ಮೂಲೆ ಮೂಲೆ ತಲುಪುತ್ತದೆ.

ಸೆಟ್ಟಿಂಗಿನಲ್ಲಿ ಎಡವುವುದು ಒಂದೇ ಕಡೆ. ಹಳೆಯ ರೂಟರನ್ನು ಶೆಡ್ಡಿಗೆ ಹಾಕುವವರು ಅದರ ಡಿಎಚ್‌ಸಿಪಿ (ಸಾಧನಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಕೆಲಸ) ಆಫ್ ಮಾಡುವುದಿಲ್ಲ, ಕೇಬಲ್ಲನ್ನು ಇಂಟರ್ನೆಟ್ ಲೈನಿಗೆಂದೇ ಇರುವ ವ್ಯಾನ್ (WAN) ಕಿಂಡಿಗೆ ಚುಚ್ಚುತ್ತಾರೆ. ಆಗ ಶೆಡ್ಡು ಬೇರೆಯೇ ನೆಟ್‌ವರ್ಕ್ ಆಗುತ್ತದೆ, ಶೆಡ್ಡಿನ ಕಂಪ್ಯೂಟರಿಗೆ ಮನೆಯ ಪ್ರಿಂಟರ್ ಕಾಣುವುದಿಲ್ಲ. ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆರಿಸಿ, ಇಲ್ಲದಿದ್ದರೆ ಡಿಎಚ್‌ಸಿಪಿ ಆಫ್ ಮಾಡಿ ಮನೆಯೊಳಗಿನ ಸಾಧನಗಳಿಗೆಂದಿರುವ ಲ್ಯಾನ್ (LAN) ಕಿಂಡಿಗೆ ಚುಚ್ಚಿ. ಮನೆಯಲ್ಲಿರುವ ವೈಫೈ ಹೆಸರು, ಪಾಸ್‌ವರ್ಡನ್ನೇ ಕೊಟ್ಟರೆ ಫೋನು ತಾನೇ ಬದಲಾಯಿಸಿಕೊಳ್ಳುತ್ತದೆ. ಹಳೆಯ ವಿಂಡೋಸ್‌ನಲ್ಲಿ ಓಡುವ ಸಿಎನ್‌ಸಿ (ಯಂತ್ರ ನಡೆಸುವ) ಕಂಪ್ಯೂಟರ್, ಕ್ಯಾಮೆರಾ ಇದ್ದರೆ ಅವಕ್ಕೆ ಬೇರೆ ವಿಎಲ್ಯಾನ್ (ಅದೇ ಕೇಬಲ್ಲಿನಲ್ಲಿ ಪ್ರತ್ಯೇಕವಾಗಿ ನಡೆಯುವ ನೆಟ್‌ವರ್ಕ್) ಮಾಡಿ ಇಂಟರ್ನೆಟ್ ಮುಚ್ಚಿಬಿಡಿ.

ಅಗೆಯಲಾಗದಿದ್ದರೆ ಬ್ರಿಡ್ಜ್

5 ಗಿಗಾಹರ್ಟ್ಸ್‌ನ ಹೊರಾಂಗಣ ರೇಡಿಯೋ ಒಂದು ಜೋಡಿ ಬೇಕು. ಒಂದು ಮನೆಯ ಗೋಡೆಗೆ, ಒಂದು ಶೆಡ್ಡಿನ ಹೊರಗೋಡೆಗೆ. ಒಳಗಿಟ್ಟರೆ ಉಪಯೋಗವಿಲ್ಲ. ಒಂದಕ್ಕೊಂದು ಕಂಡರೆ ಸಾಲದು, ನಡುವಿನ ಗೆರೆಯ ಸುತ್ತಲೂ ಜಾಗ ಖಾಲಿ ಇರಬೇಕು: 30 ಮೀಟರ್ ದೂರಕ್ಕೆ ನಟ್ಟನಡುವೆ ಸುಮಾರು 60 ಸೆಂ.ಮೀ. ತ್ರಿಜ್ಯ. ಶೆಡ್ಡಿನ ಚಾವಣಿಯ ಅಂಚು ಆ ಜಾಗಕ್ಕೆ ಚಾಚಿದ್ದರೂ ಅಲೆ ಪ್ರತಿಫಲಿಸಿ ಸಿಗ್ನಲ್ ಏರಿಳಿಯುತ್ತದೆ. ಸಿಗ್ನಲ್ −50ರಿಂದ −60 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ನಡುವೆ ಬರುವಂತೆ ಪವರ್ ಇಳಿಸಿ. ಹತ್ತಿರದಲ್ಲಿ ಪೂರ್ತಿ ಪವರ್ ಇಟ್ಟರೆ ರಿಸೀವರ್ ಉಸಿರುಕಟ್ಟಿದಂತಾಗಿ ವೇಗ ಬೀಳುತ್ತದೆ. ಹೊರಗಿನ ಕೇಬಲ್ ಬಿಸಿಲು ತಾಳುವ ಕಪ್ಪು ಕವಚದ್ದು, ಕಟ್ಟಡ ಹೊಕ್ಕುವಲ್ಲಿ ಅರ್ಥ್‌ಗೆ ಜೋಡಿಸಿದ ಸರ್ಜ್ ಪ್ರೊಟೆಕ್ಟರ್. ಕೆಲವು ರೇಡಿಯೋಗಳ ಜೊತೆ ಬರುವ 24 ವೋಲ್ಟ್ ಇಂಜೆಕ್ಟರ್ ಎದುರಿಗೆ ಏನಿದೆ ಎಂದು ಕೇಳದೆ ಕರೆಂಟ್ ಕಳಿಸುತ್ತದೆ. ಅದರ ಪಿಒಇ ಕಿಂಡಿಗೆ ಲ್ಯಾಪ್‌ಟಾಪ್ ಚುಚ್ಚಬೇಡಿ.

ಸ್ಕ್ರೂ, ತುಕ್ಕು, ಬೆವರು

ಚಾವಣಿ ಸೋರುವುದು ಸಾಮಾನ್ಯವಾಗಿ ಶೀಟಿನಿಂದಲ್ಲ, ಸ್ಕ್ರೂಗಳಿಂದ. ಸ್ಕ್ರೂ ತಲೆಯ ಕೆಳಗಿನ ಕಪ್ಪು ಇಪಿಡಿಎಂ ರಬ್ಬರ್ ಬಿಸಿಲಿಗೆ ಒಣಗಿ ಬಿರಿಯುತ್ತದೆ, ಶೀಟು ದಿನಾಲೂ ಹಿಗ್ಗಿ ಕುಗ್ಗಿ ಸ್ಕ್ರೂವನ್ನು ಸಡಿಲಿಸುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ನೋಡಿ. ಬಿಗಿಯುವಾಗ ವಾಷರ್ ಲೋಹದ ಬಿಲ್ಲೆಯ ಅಂಚಿಗೆ ತುಸು ಉಬ್ಬಿ ಬಂದರೆ ಸಾಕು. ಅದಕ್ಕಿಂತ ಬಿಗಿದರೆ ರಬ್ಬರ್ ಹೊರಗೆ ಹಿಸುಕಿ ಹರಿಯುತ್ತದೆ, ಶೀಟಿನಲ್ಲಿ ತಗ್ಗು ಬಿದ್ದು ನೀರು ನಿಲ್ಲುತ್ತದೆ. ಸುತ್ತಿದಷ್ಟೂ ಸುಮ್ಮನೆ ತಿರುಗುವ ಸ್ಕ್ರೂ ತೆಗೆದು, 5.5 ಮಿ.ಮೀ. ಇದ್ದಲ್ಲಿ 6.3 ಮಿ.ಮೀ. ದಪ್ಪದ್ದು ಹಾಕಿ. ಚಾವಣಿಯ ಮೇಲೆ ಸ್ಕ್ರೂಗಳ ಸಾಲಿನಗುಂಟವೇ ನಡೆಯಿರಿ, ಕೆಳಗೆ ಪರ್ಲಿನ್ ಇರುವುದು ಅಲ್ಲೇ. ಬೆಳಕಿನ ಶೀಟಿನ ಮೇಲೆ ಕಾಲಿಡಲೇಬೇಡಿ. ಹಳತಾದ ಫೈಬರ್ ಶೀಟು ಮನುಷ್ಯನ ಭಾರ ತಡೆಯುವುದಿಲ್ಲ.

ಮೇಲ್ಮೈಯ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಹೊಳೆಯುವ ಲೋಹ ಕಾಣುವವರೆಗೆ ತಿಕ್ಕಿ, ಒರೆಸಿ, ಸತುವಿನ ಪ್ರೈಮರ್, ಅದರ ಮೇಲೆ ಬಣ್ಣ. ತೂತಾಗಿದ್ದರೆ ಸುತ್ತ 50 ಮಿ.ಮೀ. ಹೆಚ್ಚಿರುವ ಅದೇ ಜಾತಿಯ ಶೀಟಿನ ತೇಪೆ, ನಡುವೆ ಬ್ಯುಟೈಲ್ ಟೇಪು, ಸುತ್ತ ರಿವೆಟ್. ತಾಮ್ರದ ಪೈಪಿನಿಂದ ನೀರು ಶೀಟಿನ ಮೇಲೆ ತೊಟ್ಟಿಕ್ಕದಂತೆ ನೋಡಿಕೊಳ್ಳಿ, ತಾಮ್ರ ಕರಗಿದ ನೀರು ಸತುವನ್ನು ತಿಂದುಹಾಕುತ್ತದೆ. ಗೋಡೆಯ ಬುಡದಲ್ಲಿ ಮಣ್ಣು, ಎಲೆಗಸ ಶೀಟಿಗೆ ತಾಗಬಾರದು. 150 ಮಿ.ಮೀ. ಅಂತರ ಬಿಡಿಸಿ.

ಬೆವರಿನ ಲೆಕ್ಕ ಸರಳ. 25 ಡಿಗ್ರಿ, ಶೇ. 80 ತೇವದ ಗಾಳಿ 21 ಡಿಗ್ರಿಯ ಶೀಟಿಗೆ ತಾಗಿದರೆ ಸಾಕು, ಹನಿ ಕಟ್ಟುತ್ತದೆ. ಸೂರಿನಡಿ ಮತ್ತು ಮಾಡಿನ ತುದಿಯಲ್ಲಿ ಗಾಳಿಕಿಂಡಿ ಬಿಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಚಾವಣಿಗೆ ಇನ್ಸುಲೇಷನ್ ಹಾಕುವುದಾದರೆ ತೇವ ತಡೆಯುವ ಪದರ ಒಳಮುಖವಾಗಿ, ಕೀಲುಗಳಿಗೆ ಟೇಪು ಹಾಕಿ. ಸಂದಿ ಬಿಟ್ಟರೆ ಬೆವರು ಇನ್ಸುಲೇಷನ್ನಿನ ಹಿಂದೆ ಕಾಣದ ಕಡೆ ಕೂರುತ್ತದೆ. ಚಿಮಣಿಯಿಲ್ಲದ ಗ್ಯಾಸ್ ಹೀಟರ್ ಒಳಗೆ ಉರಿಸಬೇಡಿ. 1 ಕೆ.ಜಿ. ಎಲ್‌ಪಿಜಿ ಉರಿದರೆ ಸುಮಾರು 1.6 ಕೆ.ಜಿ. ನೀರಿನ ಆವಿ ಬರುತ್ತದೆ, ಕಾರ್ಬನ್ ಮಾನಾಕ್ಸೈಡಿನ ಅಪಾಯ ಬೇರೆ.

ಲಿಂಕ್ ಕೈಕೊಟ್ಟಾಗ

ಯಾವಾಗ ಕೈಕೊಡುತ್ತದೆ ಎಂಬುದೇ ಕಾರಣ ಹೇಳುತ್ತದೆ. ಕಂಪ್ರೆಸರ್ ಶುರುವಾದಾಗ ಹೋದರೆ ವೋಲ್ಟೇಜ್. ಮಧ್ಯಾಹ್ನ ಹೋಗಿ ಸಂಜೆ ತಾನೇ ಬಂದರೆ ಬಿಸಿ. ಬೆಳಿಗ್ಗೆ ಹೋಗಿ ಬಿಸಿಲೇರಿದ ಮೇಲೆ ಬಂದರೆ ಕನೆಕ್ಟರಿನಲ್ಲಿ ತೇವ. ಬ್ರಿಡ್ಜ್ ಮಳೆಗಾಲದಲ್ಲಿ ಮಾತ್ರ ಸೊರಗಿದರೆ ನಡುವೆ ಚಿಗುರಿದ ಕೊಂಬೆ ನೋಡಿ, ಒದ್ದೆ ಎಲೆ 5 ಗಿಗಾಹರ್ಟ್ಸ್ ಅಲೆಯನ್ನು ಹೀರುತ್ತದೆ.

ಹೊಸದಾಗಿ ಹಾಕಿದ ಫೈಬರಿನಲ್ಲಿ ಲಿಂಕ್ ದೀಪವೇ ಹತ್ತದಿದ್ದರೆ ಒಂದು ತುದಿಯ ಎರಡು ಎಳೆಗಳನ್ನು ಅದಲುಬದಲು ಮಾಡಿ. ಒಂದರ ಕಳಿಸುವ ಕಿಂಡಿ ಇನ್ನೊಂದರ ಕೇಳುವ ಕಿಂಡಿಗೆ ಸೇರಬೇಕು. ಆಗಲೂ ಬಾರದಿದ್ದರೆ ಮೂತಿ ಒರೆಸಿ, ಆಮೇಲೆ ಮೀಸಲು ಎಳೆಗೆ ಬದಲಾಯಿಸಿ. ಸ್ವಿಚ್ ಬೆಳಕಿನ ಮಟ್ಟ ತೋರಿಸುವಂಥದ್ದಾದರೆ ಒಳಬರುವ ಬೆಳಕು −5 ಡಿಬಿಎಂ ಆಸುಪಾಸು ಇರಬೇಕು. −18 ತೋರಿಸಿದರೆ ಎಲ್ಲೋ ಕೇಬಲ್ ಚೂಪಾಗಿ ಬಗ್ಗಿದೆ ಅಥವಾ ಮೂತಿ ಕೊಳಕಾಗಿದೆ.

ಒಳಗಿನ ತಾಮ್ರದ ಕೇಬಲ್ ಗಿಗಾಬಿಟ್ ಬದಲು 100 ಮೆಗಾಬಿಟ್‌ನಲ್ಲಿ ನಿಂತರೆ ನಾಲ್ಕು ಜೋಡಿ ತಂತಿಯಲ್ಲಿ ಯಾವುದೋ ಒಂದು ತುಂಡಾಗಿದೆ. ಗಿಗಾಬಿಟ್‌ಗೆ ನಾಲ್ಕೂ ಬೇಕು, 100ಕ್ಕೆ ಎರಡೇ ಸಾಕು. ಪ್ಲಗ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಿ. ಎಲ್ಲ ಮುಗಿದ ಮೇಲೆ ಮನೆಯಲ್ಲೊಂದು, ಶೆಡ್ಡಿನಲ್ಲೊಂದು ಕಂಪ್ಯೂಟರ್ ಕೇಬಲ್ ಮೂಲಕ ಜೋಡಿಸಿ ವೇಗ ಅಳೆಯುವ ಐಪರ್ಫ್3 ಎಂಬ ತಂತ್ರಾಂಶ ಓಡಿಸಿ. ಸುಮಾರು 940 ಮೆಗಾಬಿಟ್ ಬಂದರೆ ಲಿಂಕ್ ಸರಿಯಿದೆ. ಅದನ್ನೇ ಕಂಪ್ರೆಸರ್ ಚಾಲೂ ಮಾಡಿ, ವೆಲ್ಡಿಂಗ್ ಕಡ್ಡಿ ಹಚ್ಚಿ ಇನ್ನೊಮ್ಮೆ ಓಡಿಸಿ. ಎರಡು ಅಂಕಿಯ ನಡುವೆ ವ್ಯತ್ಯಾಸ ಕಂಡರೆ ಶೆಡ್ಡಿನೊಳಗಿನ ತಾಮ್ರದ ಕೇಬಲ್ಲಿನ ದಾರಿ ಬದಲಿಸಿ.